ಕರೆಯಲು ಯಾರೂ ಹೋಗಲಿಲ್ಲ

ಅಕ್ಕಾ, ಆ ದಿನ ನೀವು ವಿಮಾನ ಇಳಿದು ಹೊರಗೆ ಬಂದಾಗ ತವರಿನವರು ಯಾರೂ ಅಲ್ಲಿ ನಿಂತಿರಲಿಲ್ಲ. ಅದು ನಿಮ್ಮ ತಮ್ಮನ ಹಟ ಎಂದು ನೀವು ಇಷ್ಟು ವರ್ಷ ತಿಳಿದಿದ್ದೀರಿ. ಹಟ ಅವರದಲ್ಲ. ಅದನ್ನು ಮಾಡಿದವಳು ನಾನು — ಅಡುಗೆಮನೆಯಲ್ಲಿ, ಒಲೆಯ ಮುಂದೆ, ಹಾಲು ಉಕ್ಕದಂತೆ ನೋಡಿಕೊಳ್ಳುತ್ತಾ.

ಅಂದಿನ ಬೆಳಿಗ್ಗೆಯಲ್ಲಿ ವಿಶೇಷವೇನೂ ಇರಲಿಲ್ಲ. ನಳ ಬರುವ ದಿನ. ಕಲಬುರಗಿಯಲ್ಲಿ ನಳ ಬರುವ ದಿನ ಹೆಂಗಸರಿಗೆ ಬೇರೆ ಯೋಚನೆ ಇರುವುದಿಲ್ಲ. ಕೊಡ, ಬಕೀಟು, ಹಂಡೆ, ಕೊನೆಗೆ ಪಾತೇಲಿಗಳನ್ನೂ ತುಂಬಿಟ್ಟುಕೊಂಡೆ. ತುಳಸಿಗೆ ನೀರು ಹಾಕಿದೆ. ಅಂಗಳದಲ್ಲಿ ರಂಗೋಲಿ ಹಾಕುವಾಗ ಒಂದು ಎಳೆ ಸೊಟ್ಟಗಾಯಿತು, ಅಳಿಸಿ ಮತ್ತೆ ಎಳೆದೆ. ಇವರು ಸ್ನಾನ ಮುಗಿಸಿ ದೇವರ ಕೋಣೆಯಲ್ಲಿ ಸಂಧ್ಯಾವಂದನೆಗೆ ಕುಳಿತಿದ್ದರು. ಇವರ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗಿತ್ತು. ಚುರುಮುರಿ ಮಂಡಾಳಿನ ಒಗ್ಗರಣೆಗೆ ಈರುಳ್ಳಿ ಹಾಕುವಂತಿರಲಿಲ್ಲ, ಮಧ್ಯಾಹ್ನ ಭಜನಾ ಮಂಡಳಿಯವರು ಬರುವವರಿದ್ದರು — ನೋಡಿ, ಇಂಥವೆಲ್ಲ ನೆನಪಿವೆ. ಇಂಥವು ಮಾತ್ರ ಮರೆಯುವುದಿಲ್ಲ.

ಅದಕ್ಕೂ ಹಿಂದಿನದನ್ನು ಸ್ವಲ್ಪ ಹೇಳಬೇಕು.

ನೀವು ಕಮಲಾಪುರದ ರೈತರ ಮನೆಯ ಹುಡುಗನನ್ನು, ನಮ್ಮ ಜಾತಿಯವರಲ್ಲದವರನ್ನು, ಮದುವೆಯಾಗಿ ಬೆಂಗಳೂರಿಗೆ ಹೋದಾಗ ನಾನಿನ್ನೂ ಈ ಮನೆಗೆ ಬಂದಿರಲಿಲ್ಲ. ನಾನು ಸೊಸೆಯಾಗಿ ಬಂದಾಗ ಗೋಡೆಯ ಮೇಲಿನ ಫೋಟೋಗಳ ನಡುವೆ ಒಂದು ಮೊಳೆ ಬರಿದಾಗಿತ್ತು. ಯಾರ ಫೋಟೋ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮಾವನವರು ಇರುವವರೆಗೆ ಮನೆಯಲ್ಲಿ ನಿಮ್ಮ ಹೆಸರು ಎತ್ತುವಂತಿರಲಿಲ್ಲ. ಅತ್ತೆ ಮಾತ್ರ — ಅವರು ಒಂದು ಮಧ್ಯಾಹ್ನ, ಮಾವನವರು ಮಲಗಿದ್ದಾಗ, ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದು ನನ್ನ ಕೈಗಿಟ್ಟರು. ಕೆಂಪು ಅಂಚು, ಕೆಂಪು ಸೆರಗಿನ ತುದಿಗೆ ಬಿಳಿಯ ತೆನೆ. "ಇದನ್ನ ಸುಧಾಗ ಕಳಸು. ಇವರಿಗೆ ಗೊತ್ತಾಗಬಾರದು. ತವರಿಗೆ ಬರೋ ದಿನ ಉಟ್ಕೊಂಡು ಬಾ ಅಂತ ಹೇಳು." ನಾನೇ ಅದಕ್ಕೆ ಫಾಲ್ ಹಚ್ಚಿಸಿ ನಿಮಗೆ ಕಳಿಸಿದೆ. ಆಮೇಲೆ ಫೋನಿನಲ್ಲಿ ಆ ಮಾತನ್ನೂ ಹೇಳಿದೆ. ನನಗೂ ನಿಮಗೂ ಅದೇ ಮೊದಲ ಮಾತು.

ಮಾವ ಹೋದರು, ಮುಂದೆ ಅತ್ತೆಯೂ ಹೋದರು. ಎರಡು ಸಲವೂ ನೀವು ಬರಲಿಲ್ಲ — ಕರೆಯದೆ ಹೇಗೆ ಬಂದೀರಿ? ಇವರ ಮನಸ್ಸು ಆ ಹೊತ್ತಿಗೆ ಮೆತ್ತಗಾಗಿತ್ತು. ಆದರೆ ತಾವಾಗಿ ಒಂದು ಮಾತು ಆಡುವ ಸ್ವಭಾವ ಇವರದಲ್ಲ. ನಿಮ್ಮದೂ ಅಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಊರಿಗೆ ವಿಮಾನ ಬರಲು ಶುರುವಾಗಿದ್ದ ಹೊಸತು. ಒಂದು ಮುಂಜಿವೆಯ ಪಂಕ್ತಿಯಲ್ಲಿ ಯಾರೋ ಹೇಳಿದರು: ಕಮಲಾಪುರದಲ್ಲಿ ನಿಮ್ಮ ಮೈದುನ ಹೊಸ ಮನೆ ಕಟ್ಟಿಸಿದ್ದಾರೆ, ಅದರ ಗೃಹಪ್ರವೇಶಕ್ಕೆ ನೀವು ಗಂಡ-ಹೆಂಡತಿ ಇಬ್ಬರೂ ವಿಮಾನದಲ್ಲಿ ಬರುತ್ತಿದ್ದೀರಿ. ಇವರು ಹೋಳಿಗೆ ಮುರಿಯುತ್ತಿದ್ದ ಕೈ ನಿಲ್ಲಿಸಿ, ಮತ್ತೆ ಮುರಿದರು. ಮನೆಗೆ ಬಂದ ಮೇಲೆ ಅಂಗಿ ಕಳಚುತ್ತಾ ಕೇಳಿದರು — ನನ್ನನ್ನಲ್ಲ, ಗೂಟವನ್ನು ಕೇಳಿದ ಹಾಗೆ — "ಏರ್‌ಪೋರ್ಟಿಗೆ ಹೋಗೋದೋ, ಬ್ಯಾಡೋ?"

"ನಿಮ್ಮ ಅಕ್ಕ, ನಿಮ್ಮ ಇಚ್ಛಾ" ಎಂದೆ.

"ಹೋಗಿ ನಿಂತು, ಅಕಿ ಮಾರಿ ತಿರುವಿ ಹೋದ್ರ? ಭಾವನ ಮುಂದ ಮಾನ ಉಳೀತದೇನು? ಒಂದ ಫೋನ್ ಮಾಡ್ಲಿ. ಬಾ ಅನ್ನೋದೂ ಬ್ಯಾಡ, ಬರ್ಲಿಕ್ಹತ್ತೀನಿ ಅನ್ಲಿ ಸಾಕು. ಹೋಗ್ತೀನಿ."

ಮರುದಿನವೂ ಅದೇ ಮಾತು, ಅದರ ಮರುದಿನವೂ ಅದೇ. ಹೋಗುವುದೋ, ಬೇಡವೋ. ನೀವು ಬರುವ ಹಿಂದಿನ ಸಂಜೆ ಇವರು ಕಾರು ತೊಳೆದರು. ಗಾಳಿ ತುಂಬಿಸಿಕೊಂಡು ಬಂದರು. ಹಿಂದಿನ ಸೀಟಿನ ಮೇಲೆ ಎಷ್ಟೋ ದಿನದಿಂದ ಬಿದ್ದಿದ್ದ ಹಳೆಯ ಪೇಪರು, ಛತ್ರಿ, ನನ್ನ ಕೈಚೀಲ ಎಲ್ಲವನ್ನೂ ತೆಗೆದು ಒಳಗಿಟ್ಟರು. ಮಗಳು ಓದಲು ಹಾಸ್ಟೆಲ್ಲಿನಲ್ಲಿದ್ದಳು, ನಾವು ಇಬ್ಬರೇ ಓಡಾಡುವ ಗಾಡಿ. ಹಿಂದಿನ ಸೀಟು ಯಾರಿಗಾಗಿ ಖಾಲಿಯಾಗುತ್ತಿದೆ ಎಂದು ನಾನು ಕೇಳಲಿಲ್ಲ. ಕೇಳದೆಯೂ, ಒಂದು ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಖಣ, ಅರಿಶಿನ-ಕುಂಕುಮ ತೆಗೆದಿಟ್ಟೆ. ಮನೆಮಗಳು ಬಂದರೆ ಉಡಿ ತುಂಬಬೇಕಲ್ಲ. ಇದನ್ನೂ ನಂಬಿ ಅಕ್ಕಾ. ತೆಗೆದಿಟ್ಟವಳೂ ನಾನೇ.

ಬೆಳಿಗ್ಗೆ ನಿಮ್ಮ ಫೋನು ಬಂತು.

"ವಿದ್ಯಾ ಏನು? ಅವ ಇಲ್ಲೇನವಾ?"

"ಸಂಧ್ಯಾವಂದನಿಗೆ ಕೂತಾರ್ರೀ."

"ಇರ್ಲಿ, ಎಬ್ಬಸಬ್ಯಾಡ. ನೀನೇ ಹೇಳು." ನಿಮ್ಮ ದನಿ ಅತ್ತೆಯ ದನಿಯ ಹಾಗೇ ಇತ್ತು, ಅದೇ ಎಳೆತ. "ಕರೀಲಿಕ್ಕೆ ಬರಲಾರದ ತವರಿಗೆ ಹೋಗಬಾರದು ಅಂತ ಅವ್ವ ಹೇಳ್ತಿದ್ಳು. ಬೆಂಗಳೂರ ತನಕ ಬಂದು ಕರಕೊಂಡು ಹೋಗು ಅನ್ನೋ ಕಾಲ ಹೋತು. ಏರ್‌ಪೋರ್ಟ್ ಬಾಗಲದಾಗ ಯಾರರ ಒಬ್ಬರು ಬಂದು ನಿಂತ್ರ ಸಾಕು, ಕರೀಲಿಕ್ಕೆ ಬಂದಾರ ಅಂತ ತಿಳಕೋತೀನಿ. ಸೀದಾ ಮನಿಗೆ ಬರ್ತೀವಿ. ನಿನ್ನ ಕೈಯಾಂದು ಒಂದ ಕಪ್ಪು ಚಾ ಕುಡದು ಆಮ್ಯಾಲೆ ಕಮಲಾಪುರ. ಯಾರೂ ಬರಲಿಲ್ಲಂದ್ರ... ಬರಲಿಲ್ಲ. ಸೀದಾ ಕಮಲಾಪುರಕ್ಕ ಹೋಗ್ತೀವಿ. ಮತ್ತ ಕೇಳಂಗಿಲ್ಲ ನಾನು. ಇಷ್ಟು ಹೇಳು ಅವಗ."

ನಾನು "ಹೇಳ್ತೀನ್ರೀ" ಎಂದೆ.

ನೀವು ನಕ್ಕಿರಿ. "ಕಾನ್ವೆಂಟಿನ್ಯಾಕಿ ನೀ. ಒಂದ ಮಾತ ಆಕಡೆ ಈಕಡೆ ಮಾಡಂಗಿಲ್ಲ ಅಂತ, ನೀ ಕದ್ದು ಫೋನ್ ಹಚ್ಚಿ ಕೊಟ್ಟಾಗೆಲ್ಲ ಅವ್ವ ನಿನ್ನ ಭಾಳ ಹೊಗಳತಿದ್ಳು."

ಹಾಲು ಏರುತ್ತಿತ್ತು. ಉರಿ ಸಣ್ಣ ಮಾಡಿದೆ. ಇವರು ಪಂಚಪಾತ್ರೆ ಹಿಡಿದುಕೊಂಡು ಹೊರಗೆ ಬಂದರು.

"ಯಾರದು ಫೋನು?"

"ಅಕ್ಕಂದು."

ಅವರು ನಿಂತ ರೀತಿ ಈಗಲೂ ಕಣ್ಣ ಮುಂದಿದೆ. ಪಂಚಪಾತ್ರೆಯ ನೀರು ಸ್ವಲ್ಪ ತುಳುಕಿ ಪಾದದ ಮೇಲೆ ಬಿತ್ತು. "ಏನಂದ್ಳು?"

"ಸೀದಾ ಕಮಲಾಪುರಕ್ಕ ಹೋಗ್ತಾರಂತ."

ಅಷ್ಟೇ ಬಾಯಿಗೆ ಬಂತು. ಉಳಿದದ್ದನ್ನೂ ಹೇಳುವವಳಿದ್ದೆ — ಈಗ ಹಾಗೆ ಅನ್ನಿಸುತ್ತದೆ, ಇದ್ದೆನೋ ಇಲ್ಲವೋ. ಅಷ್ಟರಲ್ಲಿ ಅವರು ಕೇಳಿದರು, "ಇಷ್ಟೇ ಅಂದ್ಳೇನು?"

ನಾನು "ಹ್ಞೂಂ" ಎಂದೆ.

ಇಕ್ಕಳದಿಂದ ಹಾಲಿನ ಪಾತೇಲಿ ಇಳಿಸಿದೆ. ಇವರು "ಆತು ಬಿಡು. ಅಕಿ ಮನಿ ಅದೇ ಅಲ್ಲಾ" ಎಂದರು. ಕಾರಿನ ಕೀಲಿಯನ್ನು ಸೊಂಟದ ಧೋತರದ ಮಡಿಕೆಯಿಂದ ತೆಗೆದು ಮೊಳೆಗೆ ಹಾಕಿದರು. ಸಂಧ್ಯಾವಂದನೆಗೆ ಕೂರುವ ಮುಂಚೆಯೇ ಕೀಲಿ ಇವರ ಸೊಂಟದಲ್ಲಿತ್ತು ಎಂದು ನನಗೆ ಆಗ ಗೊತ್ತಾಯಿತು.

ಯಾಕೆ ಮಾಡಿದೆ?

ಆ ದಿನ ನಾನು ನನಗೇ ಹೇಳಿಕೊಂಡ ಕಾರಣ ಭಜನಾ ಮಂಡಳಿ. ಎಷ್ಟೋ ವರ್ಷ ಅವರಿವರ ಮನೆಯ ಭಜನೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತವಳು ನಾನು. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳಿಗೆ ದಾಸರ ಪದ ಎಲ್ಲಿಂದ ಬರಬೇಕು ಎಂದು ಮುಸಿಮುಸಿ ನಕ್ಕವರು ಮೊದಲ ಸಲ ನಮ್ಮ ಮನೆಗೆ ಬರುವವರಿದ್ದರು. ನೀವೂ ನಿಮ್ಮ ಯಜಮಾನರೂ ಅದೇ ಹೊತ್ತಿಗೆ ಬಂದು ನಡುಮನೆಯಲ್ಲಿ ಕೂತರೆ ಅವರು ಏನು ಮಾತಾಡಿಕೊಂಡಾರು — ಇಷ್ಟೇ. ಇಷ್ಟು ಸಣ್ಣದು. ಒಂದು ಮಧ್ಯಾಹ್ನದ ಮರ್ಯಾದೆ.

ಅದರ ಕೆಳಗೆ ಇನ್ನೊಂದಿತ್ತು. ಅತ್ತೆ ಕೊನೆಯ ತಿಂಗಳುಗಳಲ್ಲಿ ಗುರುತು ಮರೆತರು. ನಾನು ಗಂಜಿ ಕುಡಿಸುವಾಗ, ತಲೆ ಬಾಚುವಾಗ, ಮಗ್ಗುಲು ತಿರುಗಿಸುವಾಗ ನನ್ನ ಮುಖ ಸವರಿ "ಸುಧಾ, ಬಂದೀಯೇನು" ಎನ್ನುತ್ತಿದ್ದರು. ಮೊದಲು ಮೊದಲು "ಅಲ್ರೀ, ನಾನು ವಿದ್ಯಾ" ಎನ್ನುತ್ತಿದ್ದೆ. ಆಮೇಲೆ "ಹ್ಞೂಂ, ಬಂದೀನಿ" ಎನ್ನತೊಡಗಿದೆ. ಅವರಿಗೆ ಸಮಾಧಾನವಾಗುತ್ತಿತ್ತು. ನನಗೆ — ಮಾಡಿದವಳು ನಾನು, ಹೆಸರು ನಿಮ್ಮದು. ಒಂದು ದಿನವೂ ಇದನ್ನು ಬಾಯಿ ಬಿಟ್ಟು ಆಡಲಿಲ್ಲ. ಮೆತ್ತಗಿನ ಹೆಂಗಸು ಎಂದು ಎಲ್ಲರೂ ಹೊಗಳುತ್ತಾರಲ್ಲ, ಮೆತ್ತಗಿನವರ ಹೊಟ್ಟೆಯಲ್ಲಿ ಏನು ಕುದಿಯುತ್ತದೆ ಎಂದು ಯಾರೂ ನೋಡುವುದಿಲ್ಲ. ಅಂದು ಬೆಳಿಗ್ಗೆ ನಿಮ್ಮ ದನಿಯಲ್ಲಿ ಅತ್ತೆಯ ದನಿ ಕೇಳಿಸಿತು. ಈ ಮನೆಯ ಬಾಗಿಲು ತೆಗೆಯುವುದೂ ಮುಚ್ಚುವುದೂ ಒಮ್ಮೆಯಾದರೂ ನನ್ನ ಕೈಯಲ್ಲಿದೆ ಎನ್ನಿಸಿತು. ಮುಚ್ಚಿದೆ.

ಇವು ಕಾರಣಗಳು, ಅಕ್ಕಾ. ಇವುಗಳಿಂದ ಏನೂ ತೊಳೆದುಹೋಗುವುದಿಲ್ಲ. ಶಾಲೆಯಲ್ಲಿ ನೀತಿಪಾಠಕ್ಕೆ ನನಗೆ ಯಾವಾಗಲೂ ಬಹುಮಾನ ಬರುತ್ತಿತ್ತು. ಬಿಳಿ ಉಡುಪಿನ ಸಿಸ್ಟರ್ ಒಬ್ಬರು, ಮಾಡಿದ ಪಾಪದಷ್ಟೇ ಮಾಡದೆ ಬಿಟ್ಟದ್ದೂ ಪಾಪ ಎಂದು ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದೂ ಬಂದಿದ್ದೆ.

ಮಧ್ಯಾಹ್ನ ಭಜನೆ ನಡೆಯಿತು. ನಿಮ್ಮ ಉಡಿಗೆ ತೆಗೆದಿಟ್ಟ ತೆಂಗಿನಕಾಯಿಯನ್ನೇ ಪ್ರಸಾದಕ್ಕೆ ಒಡೆದೆ. ಎರಡನೆಯ ಪದ ಹಾಡುತ್ತಿದ್ದಾಗ ವಿಮಾನದ ಸದ್ದು ಬಂತು. ಆಗ ಎಲ್ಲರಿಗೂ ಅದೊಂದು ಬೆರಗು. ತಾಳ ಹಿಡಿದಿದ್ದವರು ತಾಳ ಬಿಟ್ಟು, "ಬೆಂಗಳೂರ ವಿಮಾನ ಬಂತು ನೋಡ್ರಿ" ಎಂದು ಕಿಟಕಿಯತ್ತ ಕತ್ತು ಚಾಚಿದರು. ಒಬ್ಬರು "ನಮ್ಮ ಗುಲ್ಬರ್ಗಾಕ್ಕ ಎಂಥಾ ಭಾಗ್ಯ ಬಂತವಾ" ಎಂದರು. ಎಲ್ಲರೂ ನಕ್ಕರು. ನಾನು ಮಾತ್ರ ಪದ ಬಿಡದೆ ಹಾಡಿದೆ, ಇನ್ನೂ ಸ್ವಲ್ಪ ಮೇಲಿನ ದನಿಯಲ್ಲಿ. ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಹೋದದ್ದು ಕೇಳಿಸಿತು. ಇವರು ಮಾಳಿಗೆಗೆ ಹೋಗಿದ್ದರು. ವಿಮಾನ ಇಳಿದು ಎಷ್ಟೋ ಹೊತ್ತಾದರೂ ಕೆಳಗೆ ಬರಲಿಲ್ಲ.

ಆಗಲೂ ಸಮಯವಿತ್ತು. ಮಾಳಿಗೆಗೆ ಹೋಗಿ ಒಂದು ಮಾತು ಹೇಳಿದ್ದರೆ, ಜಗತ್ ಸರ್ಕಲ್ಲಿನ ಗದ್ದಲ ದಾಟಿಕೊಂಡು ಹೋದರೂ ಇವರು ನಿಮ್ಮನ್ನು ಮುಟ್ಟುತ್ತಿದ್ದರು. ಇಲ್ಲವೇ ಕಮಲಾಪುರದ ದಾರಿಯಲ್ಲಿ ಹಿಡಿಯುತ್ತಿದ್ದರು. ನಾನು ಪ್ರಸಾದ ಹಂಚಿದೆ. ದೊಡ್ಡವರೊಬ್ಬರು "ನಿನ್ನ ದನಿ ಚಲೋ ಅದವಾ, ಇನ್ನ ಮುಂದಿನ ಸಾಲಿನ್ಯಾಗ ಕೂಡು" ಎಂದರು. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಏನು ಮಾಡಲಿ — ಖುಷಿಯೇ ಆಯಿತು.

ಗೃಹಪ್ರವೇಶ ಮುಗಿದ ಮೇಲೆ ನಿಮ್ಮ ಮೈದುನ ಯಾರದೋ ಕೈಯಲ್ಲಿ ಒಂದು ಬುಟ್ಟಿ ಕಳಿಸಿದ್ದರು. ಕಮಲಾಪುರದ ಕೆಂಪು ಬಾಳೆಹಣ್ಣು, ಮೇಲೆ ಪ್ರಸಾದದ ಪೊಟ್ಟಣ. ಜೊತೆಗೆ ಒಂದು ಮಾತೂ ಇರಲಿಲ್ಲ. ಇವರು ಬುಟ್ಟಿ ನೋಡಿ, "ಹಣ್ಣು ಕಳಿಸ್ಯಾರ. ತಾವು ಬರಲಿಲ್ಲ" ಎಂದರು. ಮುಟ್ಟಲಿಲ್ಲ. ಕೆಂಪು ಬಾಳೆ ನಿಧಾನವಾಗಿ ಹಣ್ಣಾಗುತ್ತದೆ. ಎಷ್ಟೋ ದಿನ ಅಡುಗೆಮನೆಯ ಮೂಲೆಯಲ್ಲಿ ಅದರ ವಾಸನೆ ಇತ್ತು. ಕೊನೆಗೆ ನಾನು ಓಣಿಯ ಮನೆಗಳಿಗೆ ಹಂಚಿಬಿಟ್ಟೆ.

ನಮ್ಮ ಮಗಳ ಮದುವೆ ಬಂತು. ಅಕ್ಷತೆ ಹಿಡಿದು ನಿಮ್ಮನ್ನು ಕರೆಯಲು ಹೋಗೋಣ ಎಂದು ನಾನೇ ಮೆಲ್ಲಗೆ ಹೇಳಿ ನೋಡಿದೆ. ಇವರು ತಲೆ ಅಲ್ಲಾಡಿಸಿದರು. "ಮನಿ ಬಾಗಿಲ ಮುಂದಿಂದ ದಾಟಿ ಹ್ವಾದಾಕಿ. ಕರದ್ರ ಬರ್ತಾಳೇನು?" ಸೋದರತ್ತೆ ಮಾಡಬೇಕಾದ ಶಾಸ್ತ್ರಗಳನ್ನು ದೂರದ ಸಂಬಂಧದ ಒಬ್ಬರು ಮಾಡಿದರು. ಮಗಳು ಆಮೇಲೆ ಕೇಳಿದಳು, "ಅತ್ಯಾ ನಮ್ಮ ಮ್ಯಾಲೆ ಯಾಕ ಸಿಟ್ಟಾಗ್ಯಾರ?" ನಾನು ಅವಳ ಮುಡಿಯ ಹೂ ಸರಿ ಮಾಡಿದೆ.

ಈಗ ನೀವು ಬೆಂಗಳೂರು ಬಿಟ್ಟು ಕಮಲಾಪುರಕ್ಕೇ ಬಂದು ನೆಲೆಸಿದ್ದೀರಿ. ನಿಮ್ಮ ಯಜಮಾನರು ತೋಟ ನೋಡಿಕೊಳ್ಳುತ್ತಾರಂತೆ. ಬೀದರಿಗೆ ಹೋಗುವಾಗಲೆಲ್ಲ ನಾವು ನಿಮ್ಮ ಊರಿನ ಮೇಲೆಯೇ ಹೋಗುತ್ತೇವೆ. ಊರು ಬಂತೆಂದರೆ ಇವರು ಮಾತು ನಿಲ್ಲಿಸುತ್ತಾರೆ. ರಸ್ತೆಯ ಬದಿಗೆ ಬಾಳೆಗೊನೆ ತೂಗುಹಾಕಿದ ಅಂಗಡಿಗಳಿವೆ. ಅಲ್ಲಿ ಗಾಡಿ ತುಸು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹೋದ ಸಲ ಅಂಗಡಿಯ ಮುಂದೆ ಹಸಿರು ಸೀರೆಯ ಹೆಂಗಸೊಬ್ಬರು ಚೌಕಾಸಿ ಮಾಡುತ್ತಿದ್ದರು. ಇವರು ಕನ್ನಡಿಯಲ್ಲಿ ಅವರು ಮರೆಯಾಗುವವರೆಗೆ ನೋಡಿದರು. ನೀವಲ್ಲ. ಆದರೆ ಆ ನೋಟ — ಅದನ್ನು ಪಕ್ಕದಲ್ಲಿ ಕೂತು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಈ ವಾರ ಇವರಿಗೆ ಹೇಳಿದೆ. ಬೆಳಿಗ್ಗೆಯೇ, ಅದೇ ಒಲೆಯ ಮುಂದೆ. ನೀವು ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ, "ಇಷ್ಟು ಹೇಳು ಅವಗ" ಎಂಬಲ್ಲಿಯವರೆಗೆ ಹೇಳಿದೆ. ಬೈಯಬಹುದು ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಇವರು ಕುರ್ಚಿ ಎಳೆದುಕೊಂಡು ಕೂತರು. ಚಾ ಆರಿಹೋಯಿತು. ಮೇಲೆ ಕೆನೆಗಟ್ಟಿತು. ಆಮೇಲೆ ಒಂದೇ ಮಾತು ಕೇಳಿದರು.

"ಅಕಿ ಅಲ್ಲಿ ಭಾಳ ಹೊತ್ತು ನಿಂತಿದ್ಳೇನು?"

ನನಗೆ ಗೊತ್ತಿತ್ತು. ಆರಿದ ಚಾ ಎತ್ತಿ ಮತ್ತೆ ಒಲೆಗಿಟ್ಟೆ.

ಅಂದಿನಿಂದ ಇವರು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾರೆ. ಅದು ನ್ಯಾಯ. ಶುಕ್ರವಾರ ನಾನು ಕಮಲಾಪುರಕ್ಕೆ ಬರುತ್ತೇನೆ, ಅಕ್ಕಾ. ಕರೆಯಲು ತಮ್ಮ ಬರಬೇಕು, ಅದು ಪದ್ಧತಿ. ಇವರು ಬರುತ್ತಾರೋ ಇಲ್ಲವೋ ತಿಳಿಯದು, ಕೇಳುವ ಮುಖ ನನಗಿಲ್ಲ. ಬರದಿದ್ದರೆ ಬಸ್ಸಿಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳಲು ಬರುವುದಿಲ್ಲ. ನಿಮ್ಮ ಬಾಗಿಲ ಹೊರಗೆ ನಿಲ್ಲುತ್ತೇನೆ. ನೀವು ಹೊರಗೆ ಬರದಿದ್ದರೂ, ಎಷ್ಟು ಹೊತ್ತಾದರೂ —

ಒಂದು ಮಾತು ಉಳಿದಿದೆ. ಇವರಿಗೆ ಹೇಳಲಾಗದ್ದು ಅದೇ. ಎದುರುಮನೆಯ ಮಹಾದೇವಿಯವರು ಆ ಸಂಜೆ ಹೇಳಿದ್ದು.

ಅವರ ಯಜಮಾನರಿಗೆ ನಂದೂರಿನಲ್ಲಿ ಬೇಳೆ ಮಿಲ್ಲು. ಓಣಿಗೆ ಬಂದು ಆಗಿನ್ನೂ ಬಹಳ ದಿನವಾಗಿರಲಿಲ್ಲ. ನಿಮ್ಮ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ನಾನು ದೀಪ ಹಚ್ಚಿ, ಭಜನೆಗೆ ಹಾಸಿದ್ದ ಜಮಖಾನೆಯನ್ನು ಕಟ್ಟೆಯ ಮೇಲೆ ಕೊಡವುತ್ತಿದ್ದೆ. ಅವರು ಗೇಟಿಗೆ ಆತುಕೊಂಡು ನಿಂತು, ಪ್ರಸಾದದ ಕೊಬ್ಬರಿ ಜಗಿಯುತ್ತಾ, ನಗುತ್ತಾ ಹೇಳಿದರು:

"ಮಧ್ಯಾಹ್ನ ಅಳಿಯಂದ್ರನ್ನ ಕರಕೊಂಡು ಬರ್ಲಾಕ ಏರ್‌ಪೋರ್ಟಿಗಿ ಹೋಗಿದ್ದೆ ನೋಡ್ರಿ ವೈನಿ. ಎಲ್ಲಾರೂ ಜೀನ್ಸ ಪ್ಯಾಂಟು, ಕರೀ ಚಷ್ಮಾ. ಅದ್ರಾಗ ಒಬ್ಬಾಕಿ ಹಸರ ಇಳಕಲ್ ಸೀರಿ ಉಟ್ಟು, ತಲಿ ತುಂಬ ಮಲ್ಲಿಗಿ ಮುಡದು ವಿಮಾನ ಇಳದು ಬಂದಾಳ್ರಿ, ಥೇಟ್ ತವರಿಗಿ ಬಂದಂಗ. ಅಳಿಯಂದ್ರ ಒಂದು ಚೀಲ ಬರಲಿಲ್ಲಂತ ನಾವು ಭಾಳ ಹೊತ್ತ ಅಲ್ಲೇ ಇದ್ದೇವ್ರಿ. ಗಾಡಿ ಎಲ್ಲಾ ಹೋದವು. ಪಾಪ ಅಕಿ ಗಂಡ ನಡೀ ನಡೀ ಅಂತಾನ, ಇಕಿ ಇನ್ನೊಂದ ಗಾಡಿ ನೋಡ್ತೀನಿ ತಡೀರಿ ಅಂತಾಳ. ನಾವು ಬರೂತನಾ ಅಲ್ಲೇ ನಿಂತಿದ್ಳು. ವಿಮಾನದಾಗ ಬರ್ಲಾಕ ಅಂಥಾ ಹಳೀ ಸೀರಿ ಯಾರರ ಉಡ್ತಾರೇನ್ರಿ?"